ನೈಲ್ ನದಿಯ ಮಗಳು ದೋರಿಯಾ ಶಫೀಕ್



ಈ ಸಂಚಿಕೆಗೆ ಒಬ್ಬರ ಜೀವನ ಪರಿಚಯ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡಾಗ ನನ್ನ ಮುಂದೆ ಹಲವು ಹೆಸರುಗಳಿದ್ದವು. ನಾನು ಆರಿಸಿಕೊಂಡದ್ದು ಈಜಿಪ್ಟ್ ದೇಶದ ದೋರಿಯಾ ಶಫೀಕ್ ಅವರನ್ನು. ಅವರು ಪತ್ರಕರ್ತೆ, ಕವಯಿತ್ರಿ, ಮಹಿಳೆಯರ ಹಕ್ಕಿಗಾಗಿ ಹೋರಾಡಿದವರು. ಅವರ ದೇಶದಲ್ಲಿ ಹೆಂಗಸರಿಗೆ ಮತ ಹಾಕುವ ಹಕ್ಕು ಬಂದದ್ದು 1956ರಲ್ಲಿ. ಆ ಹಕ್ಕನ್ನು ಗಟ್ಟಿ ದನಿಯಲ್ಲಿ ಕೇಳಿದ ಈ ಮಹಿಳೆಯನ್ನು ಅದೇ ಸರ್ಕಾರ 1957ರಲ್ಲಿ ಮನೆಯೊಳಗೆ ಕೂಡಿಹಾಕಿತು. ನಡುವೆ ಇದ್ದದ್ದು ಒಂದೇ ವರ್ಷ. ಹಕ್ಕು ಕೊಟ್ಟ ಸರ್ಕಾರ ಹಕ್ಕು ಕೇಳಿದವರನ್ನು ಯಾಕೆ ಬಂಧಿಸಿತು? ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಾಗಿಯೇ ನಾನು ಅವರ ಬಗ್ಗೆ ಓದಿದೆ.

ದೋರಿಯಾ ಹುಟ್ಟಿದ್ದು 1908ರ ಡಿಸೆಂಬರ್ 14ರಂದು, ನೈಲ್ ನದಿಯ ಮುಖಜ ಭೂಮಿಯಲ್ಲಿರುವ ತಾಂತಾ ಎಂಬ ಊರಿನಲ್ಲಿ. ತಂದೆ ಇಂಜಿನಿಯರ್. ತಾಯಿ ಬೇಗನೆ ತೀರಿಕೊಂಡರು. ಆಗ ದೋರಿಯಾ ಇನ್ನೂ ಚಿಕ್ಕ ಹುಡುಗಿ. ಓದಿನಲ್ಲಿ ಬಹಳ ಚುರುಕು. ಫ್ರೆಂಚ್ ಶಾಲೆಯಲ್ಲಿ ಓದಿ, 16ನೇ ವಯಸ್ಸಿಗೆ ಅಲ್ಲಿಯ ಅಂತಿಮ ಪರೀಕ್ಷೆ ಪಾಸು ಮಾಡಿದರು. ನಮ್ಮ ಪಿಯುಸಿ ಇದ್ದ ಹಾಗೆ ಅಂದುಕೊಳ್ಳಿ. ಮುಂದೆ ಓದಲು ಪ್ಯಾರಿಸ್ಸಿಗೆ ಹೋಗುವ ಆಸೆ ಇತ್ತು, ಹಣ ಇರಲಿಲ್ಲ. ಆಗ ಈಜಿಪ್ಟಿನ ಮಹಿಳಾ ಚಳವಳಿಯ ನಾಯಕಿ ಹುದಾ ಶಾರಾವಿ. 1923ರಲ್ಲಿ ಈಜಿಪ್ಟಿನ ಮಹಿಳಾ ಸಂಘವನ್ನು ಕಟ್ಟಿದವರು ಅವರೇ. ದೋರಿಯಾ ಅವರಿಗೆ ಪತ್ರ ಬರೆದರು. ಅವರ ಸಹಾಯದಿಂದ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. 19ರ ಹುಡುಗಿ ಹಡಗು ಹತ್ತಿ ಫ್ರಾನ್ಸಿಗೆ ಹೋದಳು.

ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಅವರು ತತ್ವಶಾಸ್ತ್ರ ಓದಿದರು. 1937ರಲ್ಲಿ ತಮ್ಮ ಸಂಬಂಧಿಯೇ ಆದ, ಕಾನೂನು ಓದುತ್ತಿದ್ದ ನೂರುದ್ದೀನ್ ರಗಾಯಿ ಅವರನ್ನು ಮದುವೆಯಾದರು. 1940ರಲ್ಲಿ ಡಾಕ್ಟರೇಟ್ ಪಡೆದರು. ಅದಕ್ಕಾಗಿ ಬರೆದ ಪ್ರಬಂಧಗಳಲ್ಲಿ ಒಂದರ ವಿಷಯ ಈಜಿಪ್ಟಿನ ಮಹಿಳೆ ಮತ್ತು ಧಾರ್ಮಿಕ ಕಾನೂನು. ಹೆಂಗಸರನ್ನು ಹಿಂದೆ ಇಟ್ಟಿರುವುದು ಇಸ್ಲಾಂ ಅಲ್ಲ, ಅದನ್ನು ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡ ಜನ ಎಂಬುದು ಅವರ ವಾದ. ಮುಂದೆ ಹೆಂಗಸರು ಮತ ಹಾಕಬಾರದು ಎಂದು ಕೆಲವು ಧಾರ್ಮಿಕ ವಿದ್ವಾಂಸರು ಹೇಳಿದಾಗ ದೋರಿಯಾ ಹೆದರಲಿಲ್ಲ. ಆ ವಿಷಯವನ್ನು ಅವರು ವರ್ಷಗಟ್ಟಲೆ ಕೂತು ಓದಿದ್ದರು.

ಇಷ್ಟು ಓದಿ ಬಂದವರಿಗೆ ಕೈರೋದ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗಲಿಲ್ಲ. ಇಂಥ ಆಧುನಿಕ ಹೆಣ್ಣು ಅಲ್ಲಿ ಪಾಠ ಮಾಡುವುದು ಸರಿಹೋಗದು ಎಂದು ಬಾಗಿಲು ಮುಚ್ಚಿದರು. ಆಮೇಲೆ ಅವರು ಒಂದು ಫ್ರೆಂಚ್ ಪತ್ರಿಕೆಯ ಸಂಪಾದಕಿಯಾದರು. ಆದರೆ ಫ್ರೆಂಚ್ ಬರುತ್ತಿದ್ದುದು ಶ್ರೀಮಂತರ ಮನೆಯ ಕೆಲವರಿಗೆ ಮಾತ್ರ. ಹಾಗಾಗಿ 1945ರಲ್ಲಿ ಅರಬ್ಬಿ ಭಾಷೆಯಲ್ಲಿ ತಮ್ಮದೇ ಪತ್ರಿಕೆ ಶುರು ಮಾಡಿದರು. ಅದರ ಹೆಸರು ಬಿಂತ್ ಅಲ್ ನೀಲ್, ಅಂದರೆ ನೈಲ್ ನದಿಯ ಮಗಳು. ನಮ್ಮ ಮನೆಯಲ್ಲಿ ಉರ್ದು ಮಾತಾಡುವುದರಿಂದ ಬಿಂತ್ ಎಂಬ ಪದ ನನಗೆ ಹೊಸದಲ್ಲ. ಇಂಥವರ ಮಗಳು ಎಂದು ಹೇಳಲು ಹೆಸರಿನ ಮುಂದೆ ಅದನ್ನು ಸೇರಿಸುತ್ತಾರೆ. ದೋರಿಯಾ ಅಲ್ಲಿ ತಂದೆಯ ಹೆಸರಿನ ಬದಲು ಇಡೀ ದೇಶಕ್ಕೆ ನೀರು ಕೊಡುವ ನದಿಯ ಹೆಸರು ಬರೆದರು. ಅದು ನನಗೆ ತುಂಬಾ ಇಷ್ಟವಾಯಿತು.

1948ರಲ್ಲಿ ಅದೇ ಹೆಸರಿನಲ್ಲಿ ಒಂದು ಸಂಘ ಕಟ್ಟಿದರು. ಓದು ಬಾರದ ಹೆಂಗಸರಿಗೆ ಅಕ್ಷರ ಕಲಿಸುವ ತರಗತಿಗಳು, ಕೆಲಸ ಹುಡುಕುವವರಿಗೆ ನೆರವು ಎಲ್ಲವೂ ಆ ಸಂಘದಿಂದ ನಡೆಯುತ್ತಿದ್ದವು. ಆದರೆ ದೋರಿಯಾ ಅವರಿಗೆ ಒಂದು ಮಾತು ಸ್ಪಷ್ಟವಾಗಿತ್ತು. ಕಾನೂನು ಮಾಡುವ ಸಭೆಯಲ್ಲಿ ಹೆಂಗಸರು ಇಲ್ಲದಿದ್ದರೆ ಮದುವೆ, ತಲಾಖ್, ಕೆಲಸ, ಶಾಲೆ ಯಾವುದರ ಕಾನೂನೂ ಬದಲಾಗುವುದಿಲ್ಲ. 1923ರ ಸಂವಿಧಾನದಲ್ಲಿ ಎಲ್ಲ ಈಜಿಪ್ಟಿನವರೂ ಸಮಾನರು ಎಂದೇ ಬರೆದಿತ್ತು. ಚುನಾವಣಾ ಕಾನೂನಿನಲ್ಲಿ ಮಾತ್ರ ಮತ ಗಂಡಸರಿಗಷ್ಟೇ ಎಂದಿತ್ತು.

1951ರ ಫೆಬ್ರವರಿ 19. ಕೈರೋದ ಅಮೆರಿಕನ್ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಮಹಿಳಾ ಸಮ್ಮೇಳನ ಎಂದು ಪ್ರಕಟಿಸಿದ್ದರು. ಸುಮಾರು 1500 ಮಹಿಳೆಯರು ಸೇರಿದರು. ಭಾಷಣ ಕೇಳಿ ಮನೆಗೆ ಹೋಗುವ ಬದಲು ದೋರಿಯಾ ಅವರ ಹಿಂದೆ ಎಲ್ಲರೂ ಸಂಸತ್ತಿನ ಕಡೆಗೆ ನಡೆದರು. ಸಂಸತ್ತು ಅಲ್ಲಿಂದ ಹೆಚ್ಚು ದೂರವಿರಲಿಲ್ಲ. ಕಾವಲುಗಾರರನ್ನು ದಾಟಿ ಒಳಗೆ ನುಗ್ಗಿದರು. ಗಂಟೆಗಟ್ಟಲೆ ಅಲ್ಲೇ ನಿಂತು, ತಮ್ಮ ಬೇಡಿಕೆಗಳನ್ನು ಪರಿಗಣಿಸುತ್ತೇವೆ ಎಂಬ ಭರವಸೆ ಪಡೆದೇ ಹೊರಗೆ ಬಂದರು. ಆ ಭರವಸೆ ಈಡೇರಲಿಲ್ಲ. ದೋರಿಯಾ ಅವರ ಮೇಲೆ ಕೇಸು ಬಿತ್ತು. ಅವರ ಪರವಾಗಿ ವಾದಿಸಲು ನಿಂತವರು ಮುಫೀದಾ ಅಬ್ದುಲ್ ರಹಮಾನ್, ಈಜಿಪ್ಟಿನ ಮೊದಲ ಮಹಿಳಾ ವಕೀಲರಲ್ಲಿ ಒಬ್ಬರು. ನ್ಯಾಯಾಧೀಶರು ಕೇಸನ್ನು ದಿನಾಂಕ ಕೊಡದೆ ಮುಂದೂಡಿದರು. ಗಮನಿಸಿ, ಇದು ರಾಜ ಫಾರೂಕನ ಕಾಲ. ಸಂಸತ್ತಿಗೆ ನುಗ್ಗಿದರೂ ಕೋರ್ಟು ಇತ್ತು, ವಕೀಲರಿದ್ದರು, ಪತ್ರಿಕೆಗಳು ಸುದ್ದಿ ಬರೆದವು.

1952ರ ಜುಲೈಯಲ್ಲಿ ಸೈನ್ಯದ ಅಧಿಕಾರಿಗಳು ರಾಜನನ್ನು ಇಳಿಸಿದರು. ದೇಶದಲ್ಲಿ ಸಂಭ್ರಮ. ದೋರಿಯಾ ಕೂಡ ಇನ್ನು ಹೆಂಗಸರಿಗೆ ನ್ಯಾಯ ಸಿಗುತ್ತದೆ ಎಂದು ನಂಬಿದರು. ಆದರೆ ಮರುವರ್ಷವೇ ರಾಜಕೀಯ ಪಕ್ಷಗಳನ್ನು ನಿಷೇಧಿಸಿದರು. ಹೊಸ ಸಂವಿಧಾನಕ್ಕಾಗಿ ಮಾಡಿದ ಸಮಿತಿಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. 1954ರ ಮಾರ್ಚ್ 12ರಂದು ದೋರಿಯಾ ಕೈರೋದ ಪತ್ರಕರ್ತರ ಸಂಘದ ಕಟ್ಟಡದಲ್ಲಿ ಉಪವಾಸ ಕೂತರು. ಇನ್ನೂ ಕೆಲವು ಮಹಿಳೆಯರು ಜೊತೆಗೂಡಿದರು. ಅಲೆಕ್ಸಾಂಡ್ರಿಯಾದಲ್ಲಿಯೂ ಮಹಿಳೆಯರು ಉಪವಾಸ ಮಾಡಿದರು. ವಾರ ಕಳೆದ ಮೇಲೆ, ಹೊಸ ಸಂವಿಧಾನದಲ್ಲಿ ಮಹಿಳೆಯರ ಹಕ್ಕನ್ನು ಗೌರವಿಸುತ್ತೇವೆ ಎಂದು ಅಧ್ಯಕ್ಷ ಮುಹಮ್ಮದ್ ನಗೀಬ್ ಅವರಿಂದ ಲಿಖಿತ ಭರವಸೆ ಬಂತು. ಉಪವಾಸ ಮುಗಿಯಿತು.

ಆ ವರ್ಷ ನವೆಂಬರಿನಲ್ಲಿ ಏನಾಯಿತು ನೋಡಿ. ಭರವಸೆ ಕೊಟ್ಟ ಅಧ್ಯಕ್ಷ ನಗೀಬ್ ಅವರನ್ನೇ ಅಧಿಕಾರದಿಂದ ಇಳಿಸಿ ಗೃಹಬಂಧನದಲ್ಲಿ ಇಟ್ಟರು. ಅಧಿಕಾರ ಪೂರ್ತಿಯಾಗಿ ಗಮಾಲ್ ಅಬ್ದುಲ್ ನಾಸೆರ್ ಅವರ ಕೈಗೆ ಬಂತು.

ನಾಸೆರ್ ಹೆಸರು ನಮಗೆ ಪಠ್ಯಪುಸ್ತಕದಲ್ಲಿ ಸಿಗುತ್ತದೆ. ಅಲಿಪ್ತ ಚಳವಳಿಯ ಪಾಠದಲ್ಲಿ ನೆಹರೂ, ಟಿಟೊ, ನಾಸೆರ್ ಎಂದು ಒಟ್ಟಿಗೆ ಓದಿ, ಒಂದು ಅಂಕದ ಪ್ರಶ್ನೆಗೆ ಬರೆದು ಬಂದಿದ್ದೇವೆ. ಅವರು ಮಾಡಿದ ಒಳ್ಳೆಯ ಕೆಲಸ ಸಣ್ಣದಲ್ಲ. ದೊಡ್ಡ ಜಮೀನುದಾರರಿಂದ ಭೂಮಿ ತೆಗೆದು ಬಡ ರೈತರಿಗೆ ಹಂಚಿದರು. 1956ರ ಜುಲೈ 26ರಂದು ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅದಕ್ಕೆ ಸಿಟ್ಟಾಗಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ದಾಳಿ ಮಾಡಿದರೂ ಬಗ್ಗಲಿಲ್ಲ. ಅದೇ 1956ರ ಸಂವಿಧಾನದಲ್ಲಿ ಮಹಿಳೆಯರಿಗೆ ಮತದಾನದ ಹಕ್ಕನ್ನೂ ಕೊಟ್ಟರು. ಮರುವರ್ಷದ ಚುನಾವಣೆಯಲ್ಲಿ ಇಬ್ಬರು ಮಹಿಳೆಯರು ಗೆದ್ದು ಸಂಸತ್ತಿಗೆ ಬಂದರು.

ಈ ಹಕ್ಕಿನಲ್ಲಿ ಒಂದು ಷರತ್ತು ಇತ್ತು. ಗಂಡಸರ ಹೆಸರು ಮತದಾರರ ಪಟ್ಟಿಗೆ ಸೇರುವುದು ಕಡ್ಡಾಯ. ಹೆಂಗಸರ ಹೆಸರು ಸೇರಬೇಕಾದರೆ ಅವರೇ ಹೋಗಿ ಅರ್ಜಿ ಕೊಡಬೇಕು. ಆಗ ಈಜಿಪ್ಟಿನಲ್ಲಿ ಹೆಚ್ಚಿನ ಹೆಂಗಸರಿಗೆ ಓದು ಬರಹ ಬರುತ್ತಿರಲಿಲ್ಲ. ಹಳ್ಳಿಯ ಒಬ್ಬ ತಾಯಿ ಮಕ್ಕಳನ್ನು ಬಿಟ್ಟು, ಗಂಡನನ್ನು ಕೇಳಿ, ಸರ್ಕಾರಿ ಕಚೇರಿಗೆ ಹೋಗಿ ಅರ್ಜಿ ಕೊಡುವುದು ಎಷ್ಟು ಸುಲಭ? ದೋರಿಯಾ ಇದನ್ನು ಒಪ್ಪಲಿಲ್ಲ. ಇನ್ನೊಂದು ಕಡೆ ಮಹಿಳೆಯರು ತಾವಾಗಿ ಕಟ್ಟಿಕೊಂಡಿದ್ದ ಸಂಘಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಗುತ್ತಿತ್ತು. ಹುದಾ ಶಾರಾವಿ ಕಟ್ಟಿದ ಹಳೆಯ ಸಂಘ ಕೂಡ ರಾಜಕೀಯದ ಮಾತು ಬಿಟ್ಟು ಬರೀ ಸಮಾಜಸೇವೆಯ ಸಂಸ್ಥೆಯಾಯಿತು.

ಇಲ್ಲಿಂದ ಮುಂದಿನ ಕಥೆಯಲ್ಲಿ ನಮ್ಮ ದೇಶವೂ ಬರುತ್ತದೆ. 1957ರ ಫೆಬ್ರವರಿ 6ರಂದು ದೋರಿಯಾ ಕೈರೋದಲ್ಲಿದ್ದ ಭಾರತದ ರಾಯಭಾರ ಕಚೇರಿಗೆ ಹೋಗಿ ಆಮರಣ ಉಪವಾಸ ಶುರು ಮಾಡಿದರು. ಭಾರತವನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಅವರು ಮೊದಲೇ ನಮ್ಮ ದೇಶಕ್ಕೆ ಬಂದುಹೋಗಿದ್ದರು. ಭಾರತ ಎರಡು ಬಣಗಳಲ್ಲಿ ಯಾವುದಕ್ಕೂ ಸೇರಿರಲಿಲ್ಲ. ಜೊತೆಗೆ ಉಪವಾಸವನ್ನು ಹೋರಾಟದ ದಾರಿ ಮಾಡಿದ ಗಾಂಧೀಜಿಯವರ ದೇಶ. ಆಗ ಅಲ್ಲಿ ನಮ್ಮ ರಾಯಭಾರಿಯಾಗಿದ್ದವರು ಹೈದರಾಬಾದಿನ ಅಲಿ ಯಾವರ್ ಜಂಗ್.

ದೋರಿಯಾ ಅವರ ಬೇಡಿಕೆ ಎರಡು. ಇಸ್ರೇಲ್ ಸೈನ್ಯ ಈಜಿಪ್ಟಿನ ನೆಲದಿಂದ ಕೂಡಲೇ ಹೊರಗೆ ಹೋಗಬೇಕು. ಈಜಿಪ್ಟಿನಲ್ಲಿ ಸರ್ವಾಧಿಕಾರ ಕೊನೆಯಾಗಿ ಜನರ ಸ್ವಾತಂತ್ರ್ಯ ವಾಪಸ್ ಬರಬೇಕು. ಮೊದಲನೆಯದನ್ನು ಎಲ್ಲರೂ ಹೇಳುತ್ತಿದ್ದರು. ಎರಡನೆಯದನ್ನು ಬಹಿರಂಗವಾಗಿ ಹೇಳುವವರು ಇರಲಿಲ್ಲ. ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು, ಜನ ನಾಸೆರ್ ಅವರನ್ನು ವೀರ ಎಂದು ಕೊಂಡಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ಸ್ವಂತ ಸಂಘದವರ ಒಪ್ಪಿಗೆಗೂ ಕಾಯದೆ ಒಬ್ಬರೇ ಹೋಗಿ ಹೀಗೆ ಕೂತದ್ದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬಹುದಾದ ಪ್ರಶ್ನೆಯೇ. ಆದರೆ ಅವರು ಕೈಯಲ್ಲಿ ಕಲ್ಲು ಹಿಡಿದಿರಲಿಲ್ಲ. ಊಟ ಬಿಟ್ಟಿದ್ದರು, ಅಷ್ಟೇ.

ನೆಹರೂ ಅವರು ದೋರಿಯಾ ಪರವಾಗಿ ನಾಸೆರ್ ಅವರಲ್ಲಿ ಮಾತಾಡಿದರು. ಅದರಿಂದ ಜೈಲು ತಪ್ಪಿತು. ಗೃಹಬಂಧನ ತಪ್ಪಲಿಲ್ಲ. ಅವರ ಪತ್ರಿಕೆಯನ್ನು ಮುಚ್ಚಿಸಿದರು. ಬೇರೆ ಪತ್ರಿಕೆಗಳಲ್ಲಿ ಅವರ ಹೆಸರು ಬರೆಯುವಂತಿರಲಿಲ್ಲ. ಅವರದೇ ಸಂಘದ ಗೆಳತಿಯರು ಅವರನ್ನು ಬಿಟ್ಟು ದೂರವಾದರು. ಬೇರೆ ಮಹಿಳಾ ಸಂಘಟನೆಗಳ ಜೊತೆ ಸೇರಿ ಅವರನ್ನು ದೇಶದ್ರೋಹಿ ಎಂದು ಖಂಡಿಸಿದರು. 1951ರಲ್ಲಿ 1500 ಜನ ಹಿಂದೆ ನಡೆದಿದ್ದರು. ಆರು ವರ್ಷದ ಮೇಲೆ ಜೊತೆಗೆ ಯಾರೂ ಇರಲಿಲ್ಲ. ಆ ಗೆಳತಿಯರನ್ನು ಬೈಯುವುದು ನನಗೆ ಸುಲಭ, ಯಾಕೆಂದರೆ ನನ್ನ ಮನೆ ಬಾಗಿಲಿಗೆ ಪೊಲೀಸರು ಬರುವುದಿಲ್ಲ. ಅವರಿಗೂ ಮನೆ, ಮಕ್ಕಳು, ಗಂಡನ ನೌಕರಿ ಇದ್ದವು. ಹೆದರಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಸರ್ಕಾರ ಒಬ್ಬರನ್ನು ಮನೆಯಲ್ಲಿ ಕೂರಿಸಿದರೆ ಸಾಕು, ಉಳಿದವರು ತಾವೇ ಮನೆಗೆ ಹೋಗುತ್ತಾರೆ.

ಗೃಹಬಂಧನಕ್ಕೆ ಉರ್ದುವಿನಲ್ಲಿ ನಜರ್‌ಬಂದಿ ಎನ್ನುತ್ತಾರೆ. ಈ ಲೇಖನದ ಕರಡನ್ನು ದಾದಿಗೆ ಓದಿ ಹೇಳುವಾಗ ಈ ಪದ ಹೇಳಿಕೊಟ್ಟದ್ದು ಅವರು. ನಜರ್ ಎಂದರೆ ನೋಟ. ನೋಟದಿಂದಲೇ ಕಟ್ಟಿಹಾಕುವುದು. ಕನ್ನಡದ ಪದದಲ್ಲಿ ಮನೆಯೇ ಬಂಧನ, ಉರ್ದು ಪದದಲ್ಲಿ ಯಾರೋ ಸದಾ ನೋಡುತ್ತಿರುವುದು ಬಂಧನ. ದೋರಿಯಾ ಅವರಿಗೆ ಎರಡೂ ಇದ್ದವು. ಜೈಲಿಗೆ ಹೋದವರಿಗೆ ಒಂದು ಕೇಸಿನ ನಂಬರ್ ಇರುತ್ತದೆ, ಶಿಕ್ಷೆ ಇಷ್ಟು ವರ್ಷ ಎಂದು ಕಾಗದದಲ್ಲಿ ಇರುತ್ತದೆ, ಬಿಡುಗಡೆಯ ದಿನ ಎಣಿಸಬಹುದು. 1951ರಲ್ಲಿ ಅವರಿಗೆ ಸಿಕ್ಕಿದ್ದ ಕೋರ್ಟು, ವಕೀಲರು 1957ರಲ್ಲಿ ಸಿಗಲಿಲ್ಲ. ಸ್ವಂತ ಅಡುಗೆಮನೆ, ಸ್ವಂತ ಮಂಚ, ಸ್ವಂತ ಪುಸ್ತಕಗಳ ನಡುವೆಯೇ ಇದ್ದರು. ಹೊರಗಿನಿಂದ ನೋಡಿದವರಿಗೆ ಇದರಲ್ಲಿ ಕಷ್ಟವೇನು ಅನ್ನಿಸಬಹುದು. ಆಗ ಅವರ ಇಬ್ಬರು ಹೆಣ್ಣುಮಕ್ಕಳು ನಮಗಿಂತ ಚಿಕ್ಕವರು.

ಬಂಧನಕ್ಕೆ ಒಳಗಾದವರು ದೋರಿಯಾ ಒಬ್ಬರೇ ಅಲ್ಲ. ಚಿತ್ರ ಕಲಾವಿದೆ ಇಂಜಿ ಅಫ್ಲಾತೂನ್ ಕೂಡ ಮಹಿಳೆಯರ ಹಕ್ಕಿಗಾಗಿ ಬರೆದವರು, ಹೋರಾಡಿದವರು. ಕಮ್ಯುನಿಸ್ಟರನ್ನು ಹಿಡಿದು ಜೈಲಿಗೆ ಹಾಕುತ್ತಿದ್ದ 1959ರಲ್ಲಿ ಅವರನ್ನೂ ಬಂಧಿಸಿದರು. ನಾಲ್ಕು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದು, ಅಲ್ಲಿಯ ಹೆಂಗಸರ ಚಿತ್ರಗಳನ್ನು ಬರೆದರು. ದೋರಿಯಾ ಮತ್ತು ಇಂಜಿ ಇಬ್ಬರ ರಾಜಕೀಯ ನಂಬಿಕೆ ಬೇರೆ ಬೇರೆ. ಸರ್ಕಾರಕ್ಕೆ ಆ ವ್ಯತ್ಯಾಸ ಮುಖ್ಯವಾಗಿರಲಿಲ್ಲ. ತನ್ನ ಅಪ್ಪಣೆ ಇಲ್ಲದೆ ಮಾತಾಡುವವರು ಇಬ್ಬರೂ.

ಈಗ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಹಕ್ಕು ಕೊಟ್ಟವರೇ ಯಾಕೆ ಬಂಧಿಸಿದರು? ನನಗೆ ತಿಳಿದ ಉತ್ತರ ಇದು. ಆ ಸರ್ಕಾರದ ದೃಷ್ಟಿಯಲ್ಲಿ ಮತ ಎಂಬುದು ತಾನು ಹೆಂಗಸರಿಗೆ ಕೊಟ್ಟ ಕಾಣಿಕೆ. ಕಾಣಿಕೆ ಪಡೆದವರು ಶುಕ್ರಿಯಾ ಹೇಳಬೇಕು, ಇದರಲ್ಲಿ ಕಡಿಮೆ ಇದೆ ಎಂದು ಹೇಳಬಾರದು. ದೋರಿಯಾ ಅವರ ದೃಷ್ಟಿಯಲ್ಲಿ ಅದು ಮೊದಲಿನಿಂದಲೂ ತಮ್ಮದೇ ಆಗಿತ್ತು. ಅದಕ್ಕೇ ಅವರು ಶುಕ್ರಿಯಾ ಹೇಳಲಿಲ್ಲ, ಉಳಿದದ್ದನ್ನು ಕೇಳಿದರು. ಮತ ಹಾಕುವ ಹಕ್ಕು ಇದ್ದು, ಪಕ್ಷ ಕಟ್ಟುವ, ಪತ್ರಿಕೆ ನಡೆಸುವ, ಸರ್ಕಾರ ತಪ್ಪು ಎನ್ನುವ ಹಕ್ಕು ಇಲ್ಲದಿದ್ದರೆ ಮತಪೆಟ್ಟಿಗೆಯಲ್ಲಿ ಹಾಕಲು ಏನು ಉಳಿಯುತ್ತದೆ?

ನಮ್ಮ ಮನೆಯಲ್ಲಿ ಅಣ್ಣನ ಜೊತೆ ಇದರ ಬಗ್ಗೆ ವಾದವೇ ಆಯಿತು. ನಾಸೆರ್ ಬಡವರಿಗೆ ಅಷ್ಟು ಮಾಡಿದ್ದಾರೆ, ಒಬ್ಬ ಶ್ರೀಮಂತರ ಮನೆಯ ಫ್ರೆಂಚ್ ಕಲಿತ ಹೆಂಗಸಿನ ಕಥೆಯಿಂದ ಅದನ್ನೆಲ್ಲ ಅಳಿಸುತ್ತೀಯಾ ಎಂದು ಅಣ್ಣನ ತಕರಾರು. ನಾನು ಅಳಿಸುತ್ತಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿನಿ. ಆಸ್ತಿ ಎಷ್ಟೇ ದೊಡ್ಡದಿರಲಿ, ಬ್ಯಾಲೆನ್ಸ್ ಶೀಟಿನಲ್ಲಿ ಸಾಲವನ್ನು ತೋರಿಸದೆ ಬಿಡುವಂತಿಲ್ಲ ಎಂದು ನಮಗೆ ಅಕೌಂಟೆನ್ಸಿಯಲ್ಲಿ ಕಲಿಸಿದ್ದಾರೆ. ಭೂಮಿ ಹಂಚಿದ್ದು ಒಂದು ಕಡೆ ಇರಲಿ. ದೋರಿಯಾ ಅವರ ಮುಚ್ಚಿದ ಬಾಗಿಲು ಇನ್ನೊಂದು ಕಡೆ ಇರಬೇಕು. ಅಣ್ಣ ಪೂರ್ತಿ ಒಪ್ಪಲಿಲ್ಲ. ಆದರೆ ಲೇಖನ ಕೊಡು ಎಂದ.

1970ರಲ್ಲಿ ನಾಸೆರ್ ತೀರಿಕೊಂಡರು. ಆ ಹೊತ್ತಿಗೆ ದೋರಿಯಾ ಅವರ ಮದುವೆ ಮುರಿದಿತ್ತು. ಕಾವಲು ಸಡಿಲವಾದರೂ ಅವರು ಮತ್ತೆ ಸಾರ್ವಜನಿಕ ಜೀವನಕ್ಕೆ ಬರಲಿಲ್ಲ. ಕೈರೋದ ಝಮಾಲೆಕ್ ಬಡಾವಣೆಯ ಫ್ಲ್ಯಾಟಿನಲ್ಲಿ ಹೆಚ್ಚಾಗಿ ಒಬ್ಬರೇ ಇದ್ದು ಓದುತ್ತಿದ್ದರು, ಕವಿತೆ ಬರೆಯುತ್ತಿದ್ದರು, ತಮ್ಮ ನೆನಪುಗಳನ್ನು ಬರೆಯುತ್ತಿದ್ದರು. 1975ರ ಸೆಪ್ಟೆಂಬರ್ 20ರಂದು ಆರನೇ ಮಹಡಿಯ ಬಾಲ್ಕನಿಯಿಂದ ಬಿದ್ದು ತೀರಿಕೊಂಡರು. ಆಗ ಅವರಿಗೆ 66 ವರ್ಷ. ಭಾರತದ ರಾಯಭಾರ ಕಚೇರಿಯಲ್ಲಿ ಉಪವಾಸ ಕೂತು 18 ವರ್ಷ ಆಗಿತ್ತು. ನನ್ನ ಇಡೀ ವಯಸ್ಸಿಗಿಂತ ಒಂದು ವರ್ಷ ಹೆಚ್ಚು.

ಹೆಸರನ್ನು ಅಳಿಸಲು ನೋಡಿದರೂ ಅದು ಅಳಿಯಲಿಲ್ಲ. ಅವರು ಬಚ್ಚಿಟ್ಟ ಕಾಗದಗಳು ಮನೆಯಲ್ಲಿ ಉಳಿದಿದ್ದವು. ಅವುಗಳ ಆಧಾರದ ಮೇಲೆ ಕೈರೋದಲ್ಲಿ ಪ್ರಾಧ್ಯಾಪಕಿಯಾಗಿದ್ದ ಸಿಂಥಿಯಾ ನೆಲ್ಸನ್ ಬರೆದ ಜೀವನಚರಿತ್ರೆ 1996ರಲ್ಲಿ ಬಂತು. 2016ರ ಡಿಸೆಂಬರ್ 14ರಂದು, ಅವರ ಹುಟ್ಟಿದ ದಿನ, ಗೂಗಲ್ ತನ್ನ ಪುಟದಲ್ಲಿ ಅವರ ಚಿತ್ರ ಹಾಕಿತು. ಇಂದು ಈಜಿಪ್ಟಿನಲ್ಲಿ ಮಹಿಳೆಯರ ಮತದ ಹಕ್ಕಿನ ಮಾತು ಬಂದರೆ ಮೊದಲು ಬರುವ ಹೆಸರುಗಳಲ್ಲಿ ದೋರಿಯಾ ಶಫೀಕ್ ಒಂದು.

ಕೊನೆಗೆ ನಮ್ಮ ವಿಷಯ. ಭಾರತದಲ್ಲಿ ಗಂಡು ಹೆಣ್ಣು ಇಬ್ಬರಿಗೂ ಮತದ ಹಕ್ಕು ಸಂವಿಧಾನದ ಜೊತೆಯಲ್ಲೇ ಬಂತು, ಷರತ್ತು ಇರಲಿಲ್ಲ. ಆದರೂ 1951-52ರ ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಮಹಿಳೆಯರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಹಾಗೆ ಬರೆಯುವಂತಿಲ್ಲ ಎಂದು ಚುನಾವಣಾ ಆಯೋಗ ಹೇಳಿತು. ಅಲ್ಲಿ ಕಾನೂನು ಬಾಗಿಲು ಅರ್ಧ ಮುಚ್ಚಿತ್ತು, ಇಲ್ಲಿ ತೆರೆದ ಬಾಗಿಲಿನ ಮುಂದೆ ಸಂಕೋಚ ನಿಂತಿತ್ತು.

ನಮ್ಮ ತರಗತಿಯಲ್ಲಿ ಹೆಚ್ಚಿನವರಿಗೆ ಮುಂದಿನ ವರ್ಷ 18 ತುಂಬುತ್ತದೆ. 17 ತುಂಬಿದವರು ಮತದಾರರ ಪಟ್ಟಿಗೆ ಈಗಲೇ ಮುಂಗಡವಾಗಿ ಅರ್ಜಿ ಹಾಕಬಹುದು. ಅದಕ್ಕೆ ನಮೂನೆ 6. ಮೊಬೈಲಿನಲ್ಲಿಯೂ ತುಂಬಬಹುದು, ಮತಗಟ್ಟೆ ಅಧಿಕಾರಿಯ ಕೈಯಲ್ಲಿಯೂ ಕೊಡಬಹುದು. ಮದುವೆಯಾದ ಮೇಲೆ, ಕೆಲಸ ಸಿಕ್ಕ ಮೇಲೆ ನೋಡೋಣ ಎಂದು ಬಿಡಬೇಡಿ. ನಾನೂ ನನ್ನ ಮೂವರು ಗೆಳತಿಯರೂ ಈ ತಿಂಗಳು ತುಂಬುತ್ತಿದ್ದೇವೆ. ಹೇಗೆ ತುಂಬುವುದು ಎಂದು ಗೊತ್ತಾಗದವರು ಊಟದ ಬಿಡುವಿನಲ್ಲಿ ದ್ವಿತೀಯ ಪಿಯುಸಿ ಕಾಮರ್ಸ್ ತರಗತಿಗೆ ಬನ್ನಿ, ಒಟ್ಟಿಗೆ ಕೂತು ತುಂಬೋಣ.